ರಾಜನ ಹೆಸರಿಲ್ಲದ ಊರುಗಳು: ಸಿಂಧೂ ಕಣಿವೆಯಲ್ಲಿ ಜನ ಬದುಕಿದ ಬಗೆ

ಸಿಂಧೂ ಕಣಿವೆಯಲ್ಲಿ ಬಾಳಿದ ಒಬ್ಬನೇ ಒಬ್ಬ ಮನುಷ್ಯನ ಹೆಸರು ನಮಗೆ ಗೊತ್ತಿಲ್ಲ. ಈಜಿಪ್ಟಿನ ದೊಡ್ಡ ಪಿರಮಿಡ್ ಖೂಫು ಎಂಬ ದೊರೆಯದು ಎಂದು ಗೊತ್ತು. ಇರಾಕಿನಲ್ಲಿ ಅಕ್ಕಾಡ್ ಸಾಮ್ರಾಜ್ಯ ಕಟ್ಟಿದವನು ಸಾರ್ಗನ್, ಅವನ ಮಗಳು ಎನ್‌ಹೆದುಅನ್ನಾ ಉರ್ ನಗರದಲ್ಲಿ ಚಂದ್ರದೇವನ ಮುಖ್ಯ ಅರ್ಚಕಿಯಾಗಿದ್ದಳು ಎಂಬುದೂ ಗೊತ್ತು. ಯಾವ ಆಳಿಗೆ ಎಷ್ಟು ಬಾರ್ಲಿ ಕೂಲಿ ಸಂದಿತು ಎಂಬ ಲೆಕ್ಕ ಕೂಡ ಅಲ್ಲಿನ ಮಣ್ಣಿನ ಹಲಗೆಗಳಲ್ಲಿ ಉಳಿದುಕೊಂಡಿದೆ. ಇವರೆಲ್ಲರಿಗೆ ಸಮಕಾಲೀನವಾಗಿದ್ದ ಸಿಂಧೂ ನಾಗರಿಕತೆಯ ಸಾವಿರಕ್ಕೂ ಹೆಚ್ಚು ನೆಲೆಗಳು ಪತ್ತೆಯಾಗಿವೆ, ನೂರು ವರ್ಷಗಳಿಂದ ಅಗೆತ ನಡೆದಿದೆ. ರಾಜನ ಹೆಸರು ಸಿಕ್ಕಿಲ್ಲ, ರಾಣಿಯದು ಸಿಕ್ಕಿಲ್ಲ, ಒಬ್ಬ ಗುಮಾಸ್ತನದೂ ಸಿಕ್ಕಿಲ್ಲ.

ಹಾಗಾಗಿ ಈ ಸಮಾಜವನ್ನು ತಿಳಿಯಲು ಹೊರಟವರಿಗೆ ಇರುವ ದಾಖಲೆಗಳೆಂದರೆ ಇಟ್ಟಿಗೆ, ಚರಂಡಿ, ತೂಕದ ಬಟ್ಟು, ಒಡೆದ ಬಳೆ, ಅಡುಗೆ ಮಡಕೆಯ ಒಳಗೆ ಇಂಗಿದ ಜಿಡ್ಡು, ಹೂತವರ ಹಲ್ಲು. ಅರಮನೆ, ಯುದ್ಧ, ವಂಶಾವಳಿ ಓದಿಕೊಂಡೇ ಇತಿಹಾಸ ಕಲಿತ ನಮಗೆ ಇದು ಮೊದಲಿಗೆ ಬರಿಗೈ ಅನ್ನಿಸಬಹುದು. ನನಗೇನೋ ಇದೇ ಲಾಭ ಎನಿಸುತ್ತದೆ. ಬೇರೆಡೆ ದೊರೆಗಳ ಬಡಾಯಿಯ ಸಂದಿಯಲ್ಲಿ ಇಣುಕಿ ಹುಡುಕಬೇಕಾದ ಸಾಮಾನ್ಯ ಜನ ಇಲ್ಲಿ ನೇರವಾಗಿ ಎದುರಿಗೆ ಸಿಗುತ್ತಾರೆ.

ಮೊದಲು ಕಾಲ, ಜಾಗದ ಮಾತು ಮುಗಿಸೋಣ. ಕ್ರಿ.ಪೂ. 3300ರ ಸುಮಾರಿಗೆ ಸಿಂಧೂ ಮತ್ತು ಘಗ್ಗರ್-ಹಾಕ್ರಾ ನದಿಗಳ ಬಯಲಿನಲ್ಲಿ ಹಳ್ಳಿಗಳು ಬೆಳೆದು ಪೇಟೆಗಳಾಗತೊಡಗಿದವು. ದೊಡ್ಡ ನಗರಗಳ ಕಾಲ ಕ್ರಿ.ಪೂ. 2600ರಿಂದ 1900ರವರೆಗೆ, ಅಂದರೆ ಏಳುನೂರು ವರ್ಷ. ಹರಪ್ಪ ಮತ್ತು ಮೊಹೆಂಜೊದಾರೊ ಈಗಿನ ಪಾಕಿಸ್ತಾನದಲ್ಲಿವೆ, ರಾಖಿಗಢಿ ಹರಿಯಾಣದಲ್ಲಿ, ಧೋಲಾವೀರಾ ಗುಜರಾತಿನ ಕಚ್ಛದಲ್ಲಿ. ಪಶ್ಚಿಮದಲ್ಲಿ ಮಕ್ರಾನ್ ಕರಾವಳಿಯ ಸುತ್ಕಗೆನ್‌ದೋರ್, ಪೂರ್ವದಲ್ಲಿ ಉತ್ತರ ಪ್ರದೇಶದ ಆಲಂಗೀರ್‌ಪುರ, ಉತ್ತರದಲ್ಲಿ ಅಫ್ಘಾನಿಸ್ತಾನದ ಶೋರ್ತುಘಾಯ್ ಎಂದು ಗುರುತು ಹಾಕಿದರೆ ಇದರ ಹರಹು ತಿಳಿಯುತ್ತದೆ. ಆಗಿನ ಈಜಿಪ್ಟ್, ಇರಾಕಿನ ಕಡೆಯ ಮೆಸೊಪೊಟೇಮಿಯಾ ಎರಡಕ್ಕಿಂತಲೂ ಇದು ದೊಡ್ಡದು. ಅದೇ ಹೊತ್ತಿನಲ್ಲಿ ನಮ್ಮ ಕಡೆ, ರಾಯಚೂರು, ಬಳ್ಳಾರಿ, ಸುರಪುರದ ಬಯಲುಗಳಲ್ಲಿ ದನ ಕಾಯುವ ಜನ ಸಗಣಿ ರಾಶಿ ಹಾಕಿ, ಆಗಾಗ ಅದಕ್ಕೆ ಬೆಂಕಿಯಿಟ್ಟು, ಇಂದಿಗೂ ಕಾಣುವ ಬೂದಿದಿಬ್ಬಗಳನ್ನು ಎಬ್ಬಿಸುತ್ತಿದ್ದರು. ಬೂದಿಹಾಳ, ಸಂಗನಕಲ್ಲಿನ ಆ ಬದುಕಿಗೂ ಮೊಹೆಂಜೊದಾರೊಗೂ ಕಾಲದಲ್ಲಿ ನೆರೆತನ, ಬಗೆಯಲ್ಲಿ ಅಜಗಜಾಂತರ.

ಇಷ್ಟು ದೊಡ್ಡದೊಂದು ನಾಗರಿಕತೆ ಇತ್ತು ಎಂಬುದೇ 1924ರವರೆಗೆ ಜಗತ್ತಿಗೆ ಗೊತ್ತಿರಲಿಲ್ಲ. 1850ರ ದಶಕದಲ್ಲಿ ಲಾಹೋರ್-ಮುಲ್ತಾನ್ ರೈಲು ಹಾದಿ ಹಾಕುವಾಗ ಗುತ್ತಿಗೆದಾರರು ಹರಪ್ಪದ ದಿಬ್ಬಗಳಿಂದ ಸುಟ್ಟ ಇಟ್ಟಿಗೆ ಹೊತ್ತೊಯ್ದು ಹಳಿಯ ಕೆಳಗೆ ಸುರಿದರು. ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ 1875ರಲ್ಲಿ ಹರಪ್ಪದ ಒಂದು ಮುದ್ರೆಯ ಚಿತ್ರ ಪ್ರಕಟಿಸಿದರೂ ಅದು ಹೊರದೇಶದ್ದಿರಬೇಕು ಎಂದುಕೊಂಡರು. 1921ರಲ್ಲಿ ದಯಾರಾಮ್ ಸಾಹ್ನಿ ಹರಪ್ಪವನ್ನೂ, ಮರುವರ್ಷ ರಾಖಾಲದಾಸ್ ಬ್ಯಾನರ್ಜಿ ಮೊಹೆಂಜೊದಾರೊವನ್ನೂ ಅಗೆಯಲು ಹಿಡಿದರು. ಎರಡು ಕಡೆಯ ಮುದ್ರೆಗಳನ್ನೂ ಒಟ್ಟಿಗೆ ಇಟ್ಟು ನೋಡಿದ ಇಲಾಖೆಯ ಮುಖ್ಯಸ್ಥ ಜಾನ್ ಮಾರ್ಷಲ್ 1924ರಲ್ಲಿ ಸುದ್ದಿ ಪ್ರಕಟಿಸಿದಾಗ ಭಾರತದ ಇತಿಹಾಸ ಒಮ್ಮೆಲೇ ಎರಡು ಸಾವಿರ ವರ್ಷ ಹಿಂದಕ್ಕೆ ಚಾಚಿಕೊಂಡಿತು.

ಇಟ್ಟಿಗೆ, ಓಣಿ, ಬಚ್ಚಲು

ರೈಲಿನವರು ಹೊತ್ತೊಯ್ದ ಆ ಇಟ್ಟಿಗೆಯನ್ನೇ ಸ್ವಲ್ಪ ನೋಡೋಣ. ದಪ್ಪದ ಎರಡರಷ್ಟು ಅಗಲ, ಅಗಲದ ಎರಡರಷ್ಟು ಉದ್ದ. ಮನೆಗಳಿಗೆ ಬಳಸಿದ್ದು ಸಾಮಾನ್ಯವಾಗಿ 7, 14, 28 ಸೆಂಟಿಮೀಟರಿನದು, ಕೋಟೆಗೋಡೆಗೆ ಬಳಸಿದ್ದು 10, 20, 40ರದು. ಅಳತೆ ಬದಲಾದರೂ ಪ್ರಮಾಣ ಅದೇ. ಗಾರೆ ಕೆಲಸದವರಿಗೆ ಇದರ ಉಪಯೋಗ ತಕ್ಷಣ ಹೊಳೆಯುತ್ತದೆ: ಎರಡು ಇಟ್ಟಿಗೆ ಪಕ್ಕಪಕ್ಕ ಇಟ್ಟರೆ ಒಂದರ ಉದ್ದಕ್ಕೆ ಸರಿಯಾಗುತ್ತದೆ. ಹಾಗಾಗಿ ಒಂದು ವರಸೆಯನ್ನು ಉದ್ದಕ್ಕೆ, ಅದರ ಮೇಲಿನದನ್ನು ಅಡ್ಡಕ್ಕೆ ಕೂರಿಸುತ್ತ ಹೋದರೆ ಸಂದಿಗಳು ಒಂದರ ಮೇಲೊಂದು ಬೀಳುವುದಿಲ್ಲ, ಗೋಡೆ ಸೀಳುವುದಿಲ್ಲ. ನೂರಾರು ಕಿಲೋಮೀಟರ್ ದೂರದ ಊರುಗಳಲ್ಲೂ ಇದೇ ಪ್ರಮಾಣ ನಡೆಯುತ್ತಿತ್ತು.

ಆದರೆ ಶಾಲೆಯ ಪುಸ್ತಕದಲ್ಲಿ ಓದಿದಂತೆ ಎಲ್ಲ ಊರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವಲ್ಲ. ಧೋಲಾವೀರಾವನ್ನು ಬಹುಪಾಲು ಕಲ್ಲಿನಲ್ಲಿ ಕಟ್ಟಿದರು. ರಾಜಸ್ಥಾನದ ಕಾಲಿಬಂಗನ್‌ನ ಮನೆಗಳು ಹಸಿ ಇಟ್ಟಿಗೆಯವು, ಸುಟ್ಟದ್ದು ಬಾವಿ, ಬಚ್ಚಲು, ಚರಂಡಿಗಷ್ಟೇ. ಮೊಹೆಂಜೊದಾರೊದ ದೊಡ್ಡ ಬೀದಿಗಳು ಉತ್ತರ-ದಕ್ಷಿಣವಾಗಿ ಸಾಗಿದರೂ ಒಳಗಿನ ಓಣಿಗಳು ಬೇಕಾದಲ್ಲಿ ತಿರುಗುತ್ತವೆ, ಮುರಿಯುತ್ತವೆ. ಚದುರಂಗದ ಹಾಸಿನಂಥ ನಗರ ಎನ್ನುವುದು ಸ್ವಲ್ಪ ಉಬ್ಬಿಸಿದ ಮಾತು.

ಮನೆಗಳ ಬಾಗಿಲು ದೊಡ್ಡ ಬೀದಿಗೆ ತೆರೆಯುತ್ತಿರಲಿಲ್ಲ, ಪಕ್ಕದ ಓಣಿಗೆ ತೆರೆಯುತ್ತಿತ್ತು. ಬೀದಿಯ ಕಡೆಗೆ ಕುರುಡು ಗೋಡೆ. ಒಳಹೊಕ್ಕರೆ ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದರ ಸುತ್ತ ಕೋಣೆಗಳು. ಮಲೆನಾಡಿನ ತೊಟ್ಟಿಮನೆ ಕಂಡವರಿಗೆ ಈ ನಕ್ಷೆ ಬಿಡಿಸಿ ಹೇಳಬೇಕಿಲ್ಲ. ಕೆಲವು ಮನೆಗಳಲ್ಲಿ ಮಾಳಿಗೆಗೆ ಹೋಗುವ ಮೆಟ್ಟಿಲುಗಳ ಗುರುತಿದೆ. ಹತ್ತಾರು ಕೋಣೆಗಳ ಮನೆಗಳೂ ಇವೆ, ಒಂದೆರಡು ಕೋಣೆಯವೂ ಇವೆ. ಸಿರಿತನದ ಅಂತರ ಇತ್ತು ಎಂಬುದು ಇದರಿಂದಲೇ ಸ್ಪಷ್ಟ. ಗಮನಿಸಬೇಕಾದ್ದು, ಸಣ್ಣ ಮನೆಗಳಲ್ಲೂ ಬಚ್ಚಲು ಕಾಣಸಿಗುವುದು. ಇಟ್ಟಿಗೆಯ ಅಂಚನ್ನು ಉಜ್ಜಿ ನುಣುಪು ಮಾಡಿ, ನೀರು ಸೋರದಂತೆ ಒತ್ತಾಗಿ ಹಾಸಿ, ಒಂದು ಮೂಲೆಗೆ ಇಳಿಜಾರು ಕೊಟ್ಟ ಬಚ್ಚಲು. ಅಲ್ಲಿಂದ ನೀರು ಗೋಡೆಯೊಳಗಿನ ಕೊಳವೆ ಹಾದು ಹೊರಗೆ ಬೀಳುತ್ತಿತ್ತು.

ಹೊರಗೆ ಬಿದ್ದ ನೀರು ಎಲ್ಲಿಗೆ? ಕೆಲವು ಕಡೆ ಮೊದಲು ಒಂದು ಗುಂಡಿಗೋ ನೆಲದಲ್ಲಿ ಹೂತ ಮಡಕೆಗೋ ಬಿದ್ದು, ಕಸ ತಳಕ್ಕಿಳಿದ ಮೇಲೆ ತಿಳಿನೀರು ಬೀದಿಯ ಮುಖ್ಯ ಚರಂಡಿ ಸೇರುತ್ತಿತ್ತು. ಚರಂಡಿಯ ಮೇಲೆ ಇಟ್ಟಿಗೆ ಅಥವಾ ಕಲ್ಲುಚಪ್ಪಡಿ ಮುಚ್ಚಿದ್ದರು, ಬೇಕಾದಾಗ ತೆಗೆಯಬಹುದಿತ್ತು. ಮೊಹೆಂಜೊದಾರೊ ಅಗೆದ ಅರ್ನೆಸ್ಟ್ ಮೆಕೆ ಚರಂಡಿಯ ಬದಿಯಲ್ಲಿ ಸಣ್ಣ ಸಣ್ಣ ಮರಳುಗುಡ್ಡೆಗಳನ್ನು ಕಂಡರು. ಯಾರೋ ಮುಚ್ಚಳ ಸರಿಸಿ, ಹೂಳೆತ್ತಿ ಪಕ್ಕಕ್ಕೆ ಹಾಕಿದ್ದಾರೆ, ಅದನ್ನು ಸಾಗಿಸುವುದಷ್ಟೇ ಬಾಕಿ ಉಳಿದಿದೆ! ಚರಂಡಿ ಕಟ್ಟಿದ್ದನ್ನು ಎಲ್ಲರೂ ಹೊಗಳುತ್ತಾರೆ. ಅದನ್ನು ಬಳಿಯುತ್ತಿದ್ದವರು ಯಾರು, ಅವರಿಗೆ ಊರಿನಲ್ಲಿ ಎಂಥ ಸ್ಥಾನ ಇತ್ತು ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಬೆಳೆದ ಯಾರಿಗಾದರೂ ಏಳಬೇಕಾದದ್ದೇ. ಮರಳುಗುಡ್ಡೆ ಆ ಕೆಲಸವನ್ನು ತೋರಿಸುತ್ತದೆ, ಕೆಲಸಗಾರನನ್ನು ತೋರಿಸುವುದಿಲ್ಲ. ಮುಂದೆ ಬಂದ ಜಾತಿವ್ಯವಸ್ಥೆಯನ್ನು ಇಲ್ಲಿಗೆ ಎಳೆದು ತಂದು ಉತ್ತರ ಕೊಡಲು ಸಾಕ್ಷ್ಯ ಸಾಲದು.

ನೀರು ಬರುತ್ತಿದ್ದದ್ದು ಬಾವಿಗಳಿಂದ. ಮೊಹೆಂಜೊದಾರೊದಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ಮೈಕೆಲ್ ಯಾನ್ಸೆನ್ ಅವರ ಅಂದಾಜಿನಂತೆ ಆ ಒಂದು ನಗರದಲ್ಲೇ ಸುಮಾರು 700 ಬಾವಿಗಳಿದ್ದವು. ಒಂದು ತುದಿ ಕಿರಿದಾದ ಇಟ್ಟಿಗೆಗಳನ್ನು ಸುತ್ತ ಜೋಡಿಸಿದ್ದರಿಂದ ಮಣ್ಣಿನ ಒತ್ತಡ ಬಿದ್ದಷ್ಟೂ ಬಾವಿಯ ಬಳೆ ಬಿಗಿಯಾಗುತ್ತಿತ್ತು. ಹಳೆಯ ಮನೆ ಕೆಡವಿ ಅದರ ಮೇಲೆ ಹೊಸದು ಕಟ್ಟುತ್ತ ನೆಲ ಏರಿದಂತೆಲ್ಲ ಬಾವಿಯ ಕಟ್ಟೆಯನ್ನೂ ಏರಿಸುತ್ತ ಹೋದರು. ಈಗ ಸುತ್ತಲ ಮಣ್ಣು ಅಗೆದು ತೆಗೆದಿರುವುದರಿಂದ ಅಲ್ಲಿನ ಬಾವಿಗಳು ಕಾರ್ಖಾನೆಯ ಚಿಮಣಿಗಳ ಹಾಗೆ ನಿಂತಿವೆ. ಅದೇ ಊರಿನ ಎತ್ತರದ ದಿಬ್ಬದ ಮೇಲಿರುವ ದೊಡ್ಡ ಸ್ನಾನದ ಕೊಳ ಎಲ್ಲರಿಗೂ ಗೊತ್ತಿರುವಂಥದ್ದು: 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ, ಎರಡು ಕಡೆ ಮೆಟ್ಟಿಲು, ನೀರು ಇಂಗದಂತೆ ಇಟ್ಟಿಗೆಯ ಹಿಂದೆ ಡಾಂಬರಿನ ಲೇಪ. ಊರು ತುಂಬ ಬಚ್ಚಲಿರುವಾಗ ಮೈ ತೊಳೆಯಲು ಇಷ್ಟು ದೊಡ್ಡ ಕೊಳ ಬೇಕಿರಲಿಲ್ಲ. ಏನೋ ವಿಧಿ, ಆಚರಣೆಗೆ ಎಂದೇ ಹೆಚ್ಚಿನವರು ನಂಬುತ್ತಾರೆ.

ನದಿಯೇ ಇಲ್ಲದ ಧೋಲಾವೀರಾದ ಕತೆ ಇನ್ನೂ ಚೆನ್ನ. ಊರಿನ ಎರಡು ಬದಿಗೆ ಮಳೆಗಾಲದಲ್ಲಿ ಮಾತ್ರ ಹರಿಯುವ ಮನ್ಸರ್, ಮನ್ಹರ್ ಎಂಬ ಹಳ್ಳಗಳು. ಅವುಗಳಿಗೆ ಒಡ್ಡು ಕಟ್ಟಿ, ನೀರನ್ನು ತಿರುಗಿಸಿ, ಕೋಟೆಯ ಒಳಗೆ ಸಾಲಾಗಿ ಕೊರೆದ ಕೆರೆಗಳಿಗೆ ತುಂಬಿಸಿಕೊಳ್ಳುತ್ತಿದ್ದರು. ಕೆಲವು ಕೆರೆಗಳನ್ನು ಬಂಡೆಯಲ್ಲೇ ಕಡಿದಿದ್ದಾರೆ. ಗೋಡೆಯೊಳಗಿನ ಜಾಗದಲ್ಲಿ ದೊಡ್ಡ ಪಾಲು ನೀರಿಗೇ ಹೋಗಿದೆ. 1990ರಿಂದ ಆರ್.ಎಸ್. ಬಿಷ್ಟ್ ನೇತೃತ್ವದಲ್ಲಿ ಅಗೆದ ಈ ಊರು 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಳೆ ಬಂದ ಕೆಲವೇ ದಿನಗಳಲ್ಲಿ ವರ್ಷದ ನೀರು ಹಿಡಿದಿಡಬೇಕು ಎಂದರೆ ಒಡ್ಡು ಕಾಯುವವರು, ಹೂಳೆತ್ತುವವರು, ಯಾವ ಕೇರಿಗೆ ಯಾವಾಗ ನೀರು ಎಂದು ತೀರ್ಮಾನ ಮಾಡುವವರು ಬೇಕು. ಯಾರೋ ಹೇಳುತ್ತಿದ್ದರು, ಉಳಿದವರು ಕೇಳುತ್ತಿದ್ದರು.

ತಕ್ಕಡಿಯ ಕಡೆಯಿಂದ ನೋಡಿದರೆ

ನನ್ನನ್ನು ಕೇಳಿದರೆ ಸಿಂಧೂ ನಾಗರಿಕತೆಯ ಅತಿ ದೊಡ್ಡ ಅಚ್ಚರಿ ಆ ಕೊಳವೂ ಅಲ್ಲ, ಕೆರೆಯೂ ಅಲ್ಲ, ಅಂಗೈಯಲ್ಲಿ ಅಡಗುವ ತೂಕದ ಬಟ್ಟುಗಳು. ಚರ್ಟ್ ಎಂಬ ಗಟ್ಟಿ ಕಲ್ಲನ್ನು ಆರು ಮುಖದ ದಾಳದಂತೆ ಕಡಿದು, ತಿಕ್ಕಿ ನುಣುಪು ಮಾಡಿದ್ದಾರೆ. ಮೇಲೆ ಅಂಕಿ, ಗುರುತು, ಚಿತ್ರ ಏನೂ ಇಲ್ಲ. ಅತಿ ಚಿಕ್ಕದು ಒಂದು ಗ್ರಾಂಗೂ ಕಡಿಮೆ. ಅದರ ಎರಡರಷ್ಟು, ನಾಲ್ಕರಷ್ಟು, ಎಂಟರಷ್ಟು, ಹದಿನಾರರಷ್ಟು ಎಂದು ದುಪ್ಪಟ್ಟಾಗುತ್ತ ಹೋಗಿ, ದೊಡ್ಡ ತೂಕಗಳಲ್ಲಿ ಹತ್ತು, ನೂರರ ಲೆಕ್ಕಕ್ಕೆ ತಿರುಗುತ್ತದೆ. ಹೆಚ್ಚಾಗಿ ಸಿಗುವುದು ಹದಿನಾರರ ಬಟ್ಟು, ತೂಕ ಸುಮಾರು 13.7 ಗ್ರಾಂ. ಹತ್ತು ಕಿಲೋ ದಾಟಿದ ಬಟ್ಟುಗಳೂ ಉಂಟು.

ಗುಜರಾತಿನಲ್ಲಿ ಸಿಕ್ಕ ಬಟ್ಟು, ಪಂಜಾಬಿನಲ್ಲಿ ಸಿಕ್ಕ ಬಟ್ಟು ಒಂದೇ ತೂಗುತ್ತವೆ. ಒಂದು ತಲೆಮಾರಿನದೂ ಅದಕ್ಕಿಂತ ಇನ್ನೂರು ವರ್ಷ ಆಮೇಲಿನದೂ ಒಂದೇ ತೂಗುತ್ತವೆ. ಮೆಟ್ರಿಕ್ ಪದ್ಧತಿ ಬರುವ ಮುನ್ನ ನಮ್ಮಲ್ಲಿ ಊರಿಗೊಂದು ಸೇರು, ಸಂತೆಗೊಂದು ಕೊಳಗ ಇದ್ದದ್ದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಎರಡೂ ಕಡೆಯವರು ಒಪ್ಪಿದ ತೂಕ ಇರುವಲ್ಲಿ ಮೋಸದ ಜಗಳ ತೀರಿಸಲು ಒಂದು ವ್ಯವಸ್ಥೆ ಇರಲೇಬೇಕು. ಹರಪ್ಪದಲ್ಲಿ ಇಂಥ ಬಟ್ಟುಗಳು ಊರಬಾಗಿಲಿನ ಹತ್ತಿರ ಹೆಚ್ಚಾಗಿ ಸಿಕ್ಕಿದ್ದರಿಂದ, ಒಳಬರುವ ಸರಕಿಗೆ ಅಲ್ಲಿ ಸುಂಕ ಎತ್ತುತ್ತಿದ್ದಿರಬೇಕು ಎಂದು ಅಲ್ಲಿ ಬಹುಕಾಲ ಅಗೆದ ಜೊನಾಥನ್ ಮಾರ್ಕ್ ಕೆನೊಯರ್ ವಾದಿಸುತ್ತಾರೆ.

ಏನನ್ನು ತೂಗುತ್ತಿದ್ದರು? ಸಣ್ಣ ಬಟ್ಟುಗಳು ರಾಗಿ, ಗೋಧಿ ತೂಗಲಿಕ್ಕಲ್ಲ. ಬೆಲೆಬಾಳುವ ಕಲ್ಲು, ಲೋಹ, ಸುಗಂಧದಂಥವಕ್ಕೆ. ಮಣಿ ಮಾಡುವುದರಲ್ಲಿ ಈ ಜನರನ್ನು ಮೀರಿಸಿದವರು ಆಗಿನ ಲೋಕದಲ್ಲಿ ಇರಲಿಲ್ಲ. ಕಾರ್ನೀಲಿಯನ್ ಎಂಬ ಕಲ್ಲು ಗುಜರಾತಿನಲ್ಲಿ ಸಿಗುತ್ತದೆ. ಅದನ್ನು ಮಂದಬೆಂಕಿಯಲ್ಲಿ ಮತ್ತೆ ಮತ್ತೆ ಕಾಯಿಸಿದರೆ ಒಳಗಿನ ಕಬ್ಬಿಣದ ಅಂಶ ಕೆಂಪೇರಿ ಮಾಂಸದ ಬಣ್ಣ ಬರುತ್ತದೆ. ಆಮೇಲೆ ಚಕ್ಕೆ ಎಬ್ಬಿಸಿ ಆಕಾರ, ಉಜ್ಜಿ ನುಣುಪು, ಕೊನೆಗೆ ಉದ್ದಕ್ಕೂ ತೂತು. ಅವರು ಬಳಸುತ್ತಿದ್ದ ವಿಶೇಷ ಕಲ್ಲಿನ ಮೊಳೆಯಿಂದ ಕೆನೊಯರ್ ಮತ್ತು ಸಂಗಡಿಗರು ತೂತು ಕೊರೆದು ನೋಡಿದಾಗ ಗಂಟೆಗೆ ಸುಮಾರು 2.5 ಮಿಲಿಮೀಟರ್ ಇಳಿಯಿತು. ಹತ್ತು ಸೆಂಟಿಮೀಟರಿನ ಒಂದು ಮಣಿಗೆ ತೂತಿಗಷ್ಟೇ ನಲವತ್ತು ಗಂಟೆ ಆಯಿತಲ್ಲ! ಅಂಥ ಮೂವತ್ತು ನಲವತ್ತು ಮಣಿಗಳ ಡಾಬು ಯಾರ ಸೊಂಟದಲ್ಲಿತ್ತೋ ಅವರು ಬೇರೊಬ್ಬರ ಬದುಕಿನ ವರ್ಷಗಳನ್ನೇ ಸುತ್ತಿಕೊಂಡಿದ್ದರು ಅನ್ನಬೇಕು. ಗುಜರಾತಿನ ಖಂಭಾತದಲ್ಲಿ ಇಂದಿಗೂ ಈ ಕಸುಬು ನಡೆಯುತ್ತದೆ. ಪುರಾತತ್ವದವರು ಹಳೆಯ ತಂತ್ರವನ್ನು ಅರಿತುಕೊಂಡದ್ದು ಅಲ್ಲಿನ ಕುಶಲಕರ್ಮಿಗಳ ಪಕ್ಕ ಕೂತು.

ಇದರಲ್ಲೇ ಸಮಾಜದ ಏಣಿ ಕಾಣುತ್ತದೆ. ಕಾರ್ನೀಲಿಯನ್ ಕೊಳ್ಳಲಾಗದವರಿಗೆ ಅದೇ ಆಕಾರದ ಮಣ್ಣಿನ ಮಣಿ, ಮೇಲೆ ಕೆಂಪು ಬಣ್ಣ. ಬಳೆಯಲ್ಲೂ ಹಾಗೆಯೇ: ಚಿನ್ನದ್ದು, ತಾಮ್ರದ್ದು, ಶಂಖ ಕೊಯ್ದು ಮಾಡಿದ್ದು, ಗಾಜಿನಂಥ ಹೊಳಪು ಬರುವಂತೆ ಸುಟ್ಟ ಫಯಾನ್ಸ್‌ನದ್ದು, ಮಣ್ಣಿನದ್ದು. ಉಳ್ಳವರೂ ಇಲ್ಲದವರೂ ಒಂದೇ ಬಗೆಯ ಒಡವೆ ತೊಡುತ್ತಿದ್ದರು, ವ್ಯತ್ಯಾಸ ಇದ್ದದ್ದು ಮಾಡಿದ ವಸ್ತುವಿನಲ್ಲಿ. ಇದಕ್ಕೆ ಒಂದು ಅಪವಾದವೆಂದರೆ ವಿಪರೀತ ಕಾವಿನಲ್ಲಿ ಸುಟ್ಟು ಕಲ್ಲಿನಂತಾದ ಮಣ್ಣಿನ ಬಳೆ. ಮೊಹೆಂಜೊದಾರೊ, ಹರಪ್ಪದಂಥ ದೊಡ್ಡ ನಗರದಲ್ಲಷ್ಟೇ ಅದನ್ನು ಮಾಡುತ್ತಿದ್ದರು. ಸುಡುವ ಪಾತ್ರೆಗೂ ಮುದ್ರೆ ಒತ್ತುತ್ತಿದ್ದರು, ಬಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಅಕ್ಷರ ಕೊರೆಯುತ್ತಿದ್ದರು. ಯಾವುದೋ ಹುದ್ದೆಯವರಿಗೆ ಮಾತ್ರ ಸಲ್ಲುವ ಬಳೆಯಾಗಿರಬಹುದು.

ಕೋಲಾರದ ಚಿನ್ನ ಮೊಹೆಂಜೊದಾರೊಗೆ ಹೋಗಿತ್ತು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿನ ಒಡವೆಗಳ ಚಿನ್ನದಲ್ಲಿ ಬೆಳ್ಳಿಯ ಅಂಶ ಹೆಚ್ಚಿದ್ದದ್ದನ್ನು ನೋಡಿ ಮಾರ್ಷಲ್ ಕಾಲದ ಭೂವಿಜ್ಞಾನಿಗಳು ಮಾಡಿದ ಊಹೆ ಅದು. ಸಿಂಧೂ ನದಿಯ ಮೇಲ್ಭಾಗದ ಮರಳಿನಲ್ಲೇ ಚಿನ್ನ ಸಿಗುತ್ತಿರುವಾಗ ಅಷ್ಟು ದೂರದ ಕೋಲಾರ ಅಗತ್ಯವೇ ಆಗಿರಲಿಕ್ಕಿಲ್ಲ. ಹೆಮ್ಮೆಪಡಲು ಖಚಿತವಾದ ಇನ್ನೊಂದು ನಂಟು ಇದೆ. ಗುಜರಾತಿನ ಲೋಥಲ್ ಅನ್ನು 1955ರಿಂದ ಅಗೆದವರು ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಹುಟ್ಟಿದ ಶಿಕಾರಿಪುರ ರಂಗನಾಥ ರಾವ್. ಮಣಿ ಮಾಡುವ ಕಾರ್ಖಾನೆ, ಉಗ್ರಾಣ, ಪರ್ಷಿಯಾ ಕೊಲ್ಲಿಯ ಶೈಲಿಯ ದುಂಡು ಮುದ್ರೆ ಎಲ್ಲ ಅಲ್ಲಿ ಸಿಕ್ಕವು. ಸುಮಾರು 215 ಮೀಟರ್ ಉದ್ದದ ಇಟ್ಟಿಗೆಯ ತೊಟ್ಟಿಯನ್ನು ಅವರು ಹಡಗುಕಟ್ಟೆ ಎಂದರು. ಬರೀ ಕೆರೆ ಎಂದು ವಾದಿಸಿದವರೂ ಇದ್ದಾರೆ. ಸಾಬರಮತಿ ಒಮ್ಮೆ ಲೋಥಲ್ ಪಕ್ಕದಲ್ಲೇ ಹರಿಯುತ್ತಿತ್ತು ಎಂಬ ಇತ್ತೀಚಿನ ಉಪಗ್ರಹ ಅಧ್ಯಯನ ರಾಯರ ಕಡೆಗೇ ವಾಲುತ್ತದೆ.

ಕಡಲ ವ್ಯಾಪಾರವಂತೂ ಸಂದೇಹವಿಲ್ಲದ್ದು. ಮೆಲುಹ್ಹ, ಮಗನ್ (ಈಗಿನ ಒಮಾನ್ ಕಡೆ), ದಿಲ್ಮುನ್ (ಬಹ್ರೇನ್ ಕಡೆ) ದೇಶಗಳ ಹಡಗುಗಳು ತನ್ನ ರಾಜಧಾನಿಯ ಕಟ್ಟೆಗೆ ಬಂದು ನಿಲ್ಲುವಂತೆ ಮಾಡಿದೆ ಎಂದು ಸಾರ್ಗನ್ ಕೊಚ್ಚಿಕೊಂಡಿದ್ದಾನೆ. ಮೆಲುಹ್ಹ ಎಂದರೆ ಸಿಂಧೂ ನಾಡು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಉರ್ ನಗರದ ರಾಜಸಮಾಧಿಗಳಲ್ಲಿ ಸಿಂಧೂ ಮಣಿಗಳು ಸಿಕ್ಕಿವೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಅಕ್ಕಾಡ್ ಕಾಲದ ಒಂದು ಉರುಳೆಮುದ್ರೆ ಇದೆ. ಅದರ ಮೇಲೆ ಬರೆದಿರುವುದು 'ಶು-ಇಲಿಶು, ಮೆಲುಹ್ಹದ ಭಾಷೆಯ ದುಭಾಷಿ' ಎಂದು. ಸಿಂಧೂ ಜನರ ಮಾತು ಬಲ್ಲವನಾಗಿದ್ದನೆಂದು ಹೆಸರು ಸಮೇತ ಗೊತ್ತಿರುವ ಒಬ್ಬನೇ ವ್ಯಕ್ತಿ, ಅವನೂ ಇರಾಕಿನವನು.

ಓದಲಾಗದ ಮುದ್ರೆ

ಆ ಮಾತು ಯಾವುದು? ಮುದ್ರೆಗಳು ಬಳಪದ ಕಲ್ಲಿನವು, ಎರಡು ಮೂರು ಸೆಂಟಿಮೀಟರಿನ ಚೌಕಗಳು. ಕೆಳಗೆ ಒಂದು ಪ್ರಾಣಿ, ಹೆಚ್ಚಿನ ಪಾಲು ಒಂದೇ ಕೊಂಬಿನದು. ಮೇಲೆ ಒಂದು ಸಾಲು ಲಿಪಿ. ಸರಕಿನ ಮೂಟೆಗೆ ಹಗ್ಗ ಬಿಗಿದು, ಗಂಟಿನ ಮೇಲೆ ಹಸಿಮಣ್ಣು ಮೆತ್ತಿ, ಅದಕ್ಕೆ ಮುದ್ರೆ ಒತ್ತುತ್ತಿದ್ದರು. ಲೋಥಲ್‌ನ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಇಂಥ ಮಣ್ಣಿನ ಮುದ್ದೆಗಳು ಸುಟ್ಟು ಗಟ್ಟಿಯಾಗಿ ಉಳಿದವು. ಹಿಂಬದಿಯಲ್ಲಿ ಚಾಪೆ, ಹಗ್ಗದ ಎಳೆಗಳ ಅಚ್ಚು ಈಗಲೂ ಕಾಣುತ್ತದೆ.

ಲಿಪಿತಜ್ಞ ಐರಾವತಂ ಮಹಾದೇವನ್ 1977ರಲ್ಲಿ ಪಟ್ಟಿ ಮಾಡಿದಾಗ 417 ಚಿಹ್ನೆಗಳು ಸಿಕ್ಕವು. ಬರಹಗಳು ಸರಾಸರಿ ಐದು ಚಿಹ್ನೆಯಷ್ಟು ಮೊಟಕು. ಬಲದಿಂದ ಎಡಕ್ಕೆ ಬರೆಯುತ್ತಿದ್ದರು ಎಂಬುದು ಗೊತ್ತು, ಏನು ಬರೆದರು ಎಂಬುದು ಗೊತ್ತಿಲ್ಲ. ಎರಡು ಭಾಷೆಯಲ್ಲಿ ಒಂದೇ ವಿಷಯ ಬರೆದ ಶಾಸನ ಸಿಗದೆ ಇದು ಬಿಡಿಸುವ ಗಂಟಲ್ಲ. ಮಹಾದೇವನ್ ಮತ್ತು ಫಿನ್ಲೆಂಡಿನ ಆಸ್ಕೊ ಪರ್ಪೊಲ ಇದು ದ್ರಾವಿಡ ಭಾಷೆ ಇರಬೇಕೆಂದರು, ನಮ್ಮ ಎಸ್.ಆರ್. ರಾವ್ ಸಂಸ್ಕೃತಕ್ಕೆ ಹತ್ತಿರದ ಭಾಷೆಯಾಗಿ ಓದಿದೆ ಎಂದರು, 2004ರಲ್ಲಿ ಮೂವರು ಅಮೆರಿಕದ ವಿದ್ವಾಂಸರು ಇದು ಲಿಪಿಯೇ ಅಲ್ಲ ಎಂದರು. ಯಾವುದೂ ಎಲ್ಲರ ಒಪ್ಪಿಗೆ ಪಡೆದಿಲ್ಲ. ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಓದಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿದೆ. ವಾಟ್ಸಾಪಿನಲ್ಲಿ 'ಸಿಂಧೂ ಲಿಪಿ ಓದಿಯಾಯಿತು' ಎಂಬ ಸುದ್ದಿ ಬಂದಾಗ ಆ ದುಡ್ಡು ಯಾರಿಗಾದರೂ ಸಂದಿತೇ ಎಂದು ಕೇಳಿದರೆ ಸಾಕು.

ಒಲೆಯ ಮುಂದೆ, ಮಣ್ಣಿನ ಕೆಳಗೆ

ಊಟದ ವಿಚಾರದಲ್ಲಿ ನಮ್ಮ ಮಾಹಿತಿ ಚೆನ್ನಾಗಿದೆ. ಉತ್ತರದಲ್ಲಿ ಗೋಧಿ, ಬಾರ್ಲಿ. ಗುಜರಾತಿನ ಕಡೆ ಸಾಮೆಯಂಥ ಸಿರಿಧಾನ್ಯ. ಬಟಾಣಿ, ಕಡಲೆ, ಎಳ್ಳು, ಖರ್ಜೂರ. ಕಾಲಿಬಂಗನ್‌ನಲ್ಲಿ ನಗರಕ್ಕೂ ಮೊದಲಿನ ಒಂದು ಉತ್ತ ಹೊಲ ನೇಗಿಲ ಸಾಲುಗಳ ಸಮೇತ ಸಿಕ್ಕಿದೆ. ಒಂದು ದಿಕ್ಕಿಗೆ ಒತ್ತೊತ್ತಾಗಿ, ಅದಕ್ಕೆ ಅಡ್ಡಲಾಗಿ ದೂರದೂರಕ್ಕೆ ಸಾಲು ಹೊಡೆದಿದ್ದಾರೆ. ಅಗೆಯುತ್ತಿದ್ದ ಕಾಲದಲ್ಲಿ ಅಕ್ಕಪಕ್ಕದ ರೈತರು ಹಾಗೆಯೇ ಉತ್ತು ಕಡಲೆಯ ನಡುವೆ ಸಾಸಿವೆ ಹಾಕುತ್ತಿದ್ದರು. ನಮ್ಮ ರೈತರ ಬಾಯಲ್ಲಿ ಇದಕ್ಕೆ ಅಕ್ಕಡಿ ಎಂದೇ ಹೆಸರಿದೆ.

ಹರಿಯಾಣದ ಫರ್ಮಾನಾದಲ್ಲಿ ಮಡಕೆ ಮತ್ತು ಮನುಷ್ಯರ ಹಲ್ಲನ್ನು ಪರೀಕ್ಷಿಸಿದಾಗ ಅರಿಸಿನ, ಶುಂಠಿಯ ಪಿಷ್ಟದ ಕಣಗಳು ಕಂಡವು. ಕಚ್ಛದ ಕೋಟಡಾ ಭಾಡ್ಲಿಯ ಮಡಕೆಗಳಲ್ಲಿ ಹಾಲಿನ ಕೊಬ್ಬು ಇಂಗಿತ್ತು. ಮಾಂಸವನ್ನೂ ಧಾರಾಳವಾಗಿ ತಿನ್ನುತ್ತಿದ್ದರು. ಕಸದಲ್ಲಿ ಸಿಗುವ ಎಲುಬುಗಳಲ್ಲಿ ದನ, ಎಮ್ಮೆಯವೇ ಹೆಚ್ಚು, ಕುರಿ, ಮೇಕೆ, ಮೀನು ಕೂಡ ಇವೆ. ಇದನ್ನು ಕೇಳಿ ಇರುಸುಮುರುಸಾಗುವವರು ಇದ್ದಾರೆ, ಎಲುಬಿಗೆ ಅದರ ಗೊಡವೆಯಿಲ್ಲ. ಉಡಲು ಹತ್ತಿ ಬಟ್ಟೆ. ಮೊಹೆಂಜೊದಾರೊದ ಒಂದು ಬೆಳ್ಳಿ ಪಾತ್ರೆಗೆ ಅಂಟಿಕೊಂಡು ಮಂಜಿಷ್ಠದ ಬಣ್ಣ ಹಾಕಿದ ಹತ್ತಿಯ ಚೂರು ಉಳಿದಿತ್ತು. ಮಕ್ಕಳಿಗೆ ಮಣ್ಣಿನ ಬಂಡಿ, ಹಕ್ಕಿಯಾಕಾರದ ಪೀಪಿ, ಗೋಲಿ. ದೊಡ್ಡವರಿಗೆ ಚುಕ್ಕೆ ಇಟ್ಟ ದಾಳ.

ಸತ್ತವರನ್ನು ಹೂಳುವಾಗ ಕೆಲವು ಮಡಕೆ, ಒಂದಿಷ್ಟು ಮಣಿ, ಹೆಂಗಸರ ಎಡಗೈಯಲ್ಲಿ ಶಂಖದ ಬಳೆ ಇಡುತ್ತಿದ್ದರು. ಉರ್‌ನ ಸಮಾಧಿಗಳಂತೆ ಚಿನ್ನದ ರಾಶಿಯಿಲ್ಲ, ಜೊತೆಗೆ ಕೊಂದು ಹೂತ ಆಳುಗಳಿಲ್ಲ. ಹರಪ್ಪದ ಸ್ಮಶಾನದ ಹಲ್ಲುಗಳ ರಾಸಾಯನಿಕ ಪರೀಕ್ಷೆಯಿಂದ ಅಲ್ಲಿ ಮಲಗಿದ ಹಲವರು ಬೇರೆ ಊರುಗಳಲ್ಲಿ ಬೆಳೆದು ಬಂದವರು ಎಂದು ತಿಳಿದಿದೆ. ರಾಖಿಗಢಿಯ ಒಬ್ಬ ಹೆಂಗಸಿನ ಡಿಎನ್‌ಎ ವಿಶ್ಲೇಷಣೆ 2019ರಲ್ಲಿ ಪ್ರಕಟವಾಯಿತು: ಆಕೆಯಲ್ಲಿ ಇರಾನಿನ ಕಡೆಯ ಪ್ರಾಚೀನ ಜನರಿಗೆ ನಂಟಿರುವ ಅಂಶವೂ ದಕ್ಷಿಣ ಏಷ್ಯಾದ ಬೇಟೆಗಾರರ ಅಂಶವೂ ಇತ್ತು, ಮಧ್ಯ ಏಷ್ಯಾದ ಹುಲ್ಲುಗಾವಲಿನವರ ಅಂಶ ಇರಲಿಲ್ಲ. ಎಲ್ಲ ಶಾಂತಿ, ಸಮೃದ್ಧಿಯ ಸ್ವರ್ಗವೇನೂ ಆಗಿರಲಿಲ್ಲ. ಹರಪ್ಪದ ಕೆಲವು ಬುರುಡೆಗಳ ಮೇಲೆ ಹೊಡೆತದ ಗುರುತಿದೆ, ಕುಷ್ಠದ ಗುರುತೂ ಇದೆ, ನಗರಗಳು ಕುಸಿಯುವ ಕಾಲಕ್ಕೆ ಎರಡೂ ಹೆಚ್ಚಾಗುತ್ತವೆ.

ಹಾಗಾದರೆ ಆಳಿದವರು ಯಾರು?

ಮೊಹೆಂಜೊದಾರೊದ 'ಪುರೋಹಿತ-ರಾಜ' ನಿಮಗೆ ನೆನಪಿರಬಹುದು. ಅರೆಗಣ್ಣು, ಒಪ್ಪವಾದ ಗಡ್ಡ, ಹೆಗಲ ಮೇಲೆ ಮೂರೆಸಳಿನ ಚಿತ್ತಾರದ ಶಾಲು. ಎತ್ತರ 17.5 ಸೆಂಟಿಮೀಟರ್. ಅವನು ಪುರೋಹಿತ ಎನ್ನಲೂ ರಾಜ ಎನ್ನಲೂ ಆಧಾರವಿಲ್ಲ, ಅಗೆದವರು ಕೊಟ್ಟ ಬಿರುದು ಅದು. 1940ರ ದಶಕದಲ್ಲಿ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವ್ಹೀಲರ್ 'ಕಣಜ' ಎಂದು ಕರೆದ ಕಟ್ಟಡದಲ್ಲಿ ಕಾಳು ಸಿಕ್ಕಿಲ್ಲ. ಅರಮನೆ ಎಂದು ಬೆರಳು ತೋರಿಸಬಲ್ಲ ಕಟ್ಟಡ ಇಲ್ಲ, ಸೆರೆಯಾಳುಗಳನ್ನು ತುಳಿದು ನಿಂತ ದೊರೆಯ ಕೆತ್ತನೆ ಇಲ್ಲ.

ಇದಕ್ಕೆ ಎರಡು ಬಗೆಯ ಉತ್ತರಗಳಿವೆ. ವ್ಯಾಪಾರಿಗಳು, ಭೂಮಿಯುಳ್ಳವರು, ಪೂಜಾರಿಗಳು ಹೀಗೆ ಹಲವು ಗುಂಪಿನ ಹಿರಿಯರು ಸೇರಿ ಊರು ನಡೆಸುತ್ತಿದ್ದರು, ಮುದ್ರೆಯ ಪ್ರಾಣಿಗಳು ಅವರವರ ಕುಲದ ಗುರುತು ಎಂಬುದು ಕೆನೊಯರ್ ಅಂಥವರ ನಿಲುವು. ಆಳುವ ವರ್ಗವನ್ನು ಹುಡುಕುವುದೇ ತಪ್ಪು, ಇದು ಬಹುಮಟ್ಟಿಗೆ ಸಮಾನತೆಯ ಸಮಾಜ ಎಂದು ಪುರಾತತ್ವಜ್ಞ ಆಡಮ್ ಗ್ರೀನ್ 2021ರಲ್ಲಿ ವಾದಿಸಿದರು. ನನಗೆ ಮೊದಲನೆಯದೇ ನಂಬಲರ್ಹ ಎನಿಸುತ್ತದೆ. ನಲವತ್ತು ಗಂಟೆ ಕೊರೆದವನೂ ಆ ಮಣಿ ತೊಟ್ಟವಳೂ ಸಮಾನರಾಗಿದ್ದರು ಎಂದು ಒಪ್ಪುವುದು ಕಷ್ಟ. ಆದರೆ ಸಿರಿವಂತಿಕೆಯನ್ನು ಗುಡ್ಡದಷ್ಟು ಗೋರಿಯಾಗಿ ಮೆರೆಸದೆ, ಆ ಇಟ್ಟಿಗೆ, ಆ ಶ್ರಮವನ್ನು ಬೀದಿಯ ಚರಂಡಿಗೆ ಹಾಕಿದರು ಎಂಬ ಗ್ರೀನ್ ಮಾತಿನ ತಿರುಳನ್ನು ತಳ್ಳಿಹಾಕಲಾಗದು.

ಕ್ರಿ.ಪೂ. 1900ರ ಸುಮಾರಿಗೆ ನಗರಗಳು ಮುಗಿದವು. ಆರ್ಯರು ಬಂದು ಕೊಚ್ಚಿ ಹಾಕಿದರು ಎಂದು ವ್ಹೀಲರ್ 1940ರ ದಶಕದಲ್ಲಿ ಬರೆದರು. ಅವರು ತೋರಿಸಿದ ಅಸ್ಥಿಪಂಜರಗಳು ಬೇರೆ ಬೇರೆ ಕಾಲದ ಪದರಗಳವು ಎಂದು 1964ರಲ್ಲಿ ಜಾರ್ಜ್ ಡೇಲ್ಸ್ ತೋರಿಸಿದ ಮೇಲೆ ಆ ಕತೆ ಬಿದ್ದುಹೋಯಿತು. ಸುಮಾರು 4200 ವರ್ಷಗಳ ಹಿಂದೆ ಮುಂಗಾರು ಸೊರಗಿತು ಎಂಬುದಕ್ಕೆ ಗುಹೆಯ ಸುಣ್ಣದ ಪದರ, ಕೆರೆಯ ಹೂಳು ಸಾಕ್ಷಿ ಹೇಳುತ್ತವೆ. ಮಳೆನೀರನ್ನೇ ನಂಬಿದ್ದ ಘಗ್ಗರ್-ಹಾಕ್ರಾ ಬಯಲಿಗೆ ಇದು ದೊಡ್ಡ ಪೆಟ್ಟು. ಪಶ್ಚಿಮದ ವ್ಯಾಪಾರವೂ ಇಳಿಯಿತು. ಮೊಹೆಂಜೊದಾರೊದ ಮೇಲಿನ ಪದರಗಳಲ್ಲಿ ದೊಡ್ಡ ಮನೆಗಳಿಗೆ ಅಡ್ಡಗೋಡೆ ಹಾಕಿ ಚಿಕ್ಕದು ಮಾಡಿಕೊಂಡಿದ್ದಾರೆ, ಹಳೆಯ ಇಟ್ಟಿಗೆ ಕಿತ್ತು ಮತ್ತೆ ಬಳಸಿದ್ದಾರೆ, ಬೀದಿಯ ನಡುವೆಯೇ ಕುಂಬಾರರ ಆವಿಗೆ ಎದ್ದಿದೆ, ಚರಂಡಿಯ ಹೂಳನ್ನು ಯಾರೂ ಎತ್ತಿಲ್ಲ. ಜನ ಒಂದೇ ದಿನ ಊರು ಬಿಡಲಿಲ್ಲ. ಊರು ನಡೆಸುವ ಕಟ್ಟಳೆ ಮೊದಲು ಸಡಿಲವಾಯಿತು.

ಆಮೇಲೆ ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದ ಕಡೆ, ಗುಜರಾತಿನ ಒಳನಾಡಿನಲ್ಲಿ ಸಣ್ಣ ಹಳ್ಳಿಗಳು ಹೆಚ್ಚುತ್ತವೆ. ಮಳೆ ನೋಡಿಕೊಂಡು ಭತ್ತ, ಸಿರಿಧಾನ್ಯ, ಬೇಳೆಕಾಳು ಹಾಕುತ್ತಿದ್ದ ಹಳ್ಳಿಗಳು ಅವು. ಮಣಿ ಕೊರೆಯುವುದು, ಶಂಖದ ಬಳೆ ಕೊಯ್ಯುವುದು ನಿಲ್ಲಲಿಲ್ಲ. ನಿಂತದ್ದು ಮುದ್ರೆ, ಲಿಪಿ ಮತ್ತು ಆ ಚೌಕ ಬಟ್ಟುಗಳು. ಪರಊರಿನ ಅಪರಿಚಿತರ ಜೊತೆ ವ್ಯವಹಾರ ಮಾಡುವವರಿಗೆ ಬೇಕಾದ ಸಾಮಾನು ಅವು. ಬೆಳೆದದ್ದನ್ನು ನೆರೆಹೊರೆಯಲ್ಲೇ ಹಂಚಿಕೊಂಡು ತಿನ್ನುವ ಹಳ್ಳಿಗೆ ಅವುಗಳ ಕೆಲಸ ಇರಲಿಲ್ಲ.